ನಾಯಿಗೆ ಲಿವರ್ ತೊಂದರೆ ಎಂಬ ಅನುಮಾನವೇ? ಯಾವ ಪರೀಕ್ಷೆ, ಎಂಥ ಊಟ

ರಕ್ತ ಪರೀಕ್ಷೆಯಲ್ಲಿ ಲಿವರ್‌ನ ಅಂಕಿಗಳು ಏರಿವೆ ಎಂದು ವೈದ್ಯರು ಹೇಳಿದ ದಿನವೇ ಅನೇಕರು ನಾಯಿಯ ತಟ್ಟೆಯಿಂದ ಮಾಂಸ, ಮೊಟ್ಟೆ ಎಲ್ಲವನ್ನೂ ತೆಗೆದು ಬರೀ ಅನ್ನ ಹಾಕತೊಡಗುತ್ತಾರೆ. ಕಾಳಜಿಯಿಂದಲೇ ಮಾಡುವ ಈ ಪಥ್ಯ ಬಹುಪಾಲು ನಾಯಿಗಳಿಗೆ ಹಾನಿ ಮಾಡುತ್ತದೆ. ಯಕೃತ್ತು ಕಳೆದುಕೊಂಡ ಜೀವಕೋಶಗಳನ್ನು ಮತ್ತೆ ಬೆಳೆಸಿಕೊಳ್ಳಬಲ್ಲ ಅಂಗ. ಬೆಳೆಸಿಕೊಳ್ಳಲು ಅದಕ್ಕೆ ಪ್ರೋಟೀನ್ ಬೇಕು. ಊಟದಲ್ಲಿ ಸಿಗದಿದ್ದರೆ ದೇಹ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ. ಯಕೃತ್ತು ಸೋತಾಗ ರಕ್ತದಲ್ಲಿ ಉಳಿಯುವ ಅಮೋನಿಯಾದ ಒಂದು ಪಾಲನ್ನು ನಿಭಾಯಿಸುವುದು ಅದೇ ಸ್ನಾಯು. ಅಂದರೆ ಕಾರಣವಿಲ್ಲದೆ ಪ್ರೋಟೀನ್ ಕಡಿಮೆ ಮಾಡಿದರೆ ಯಾವ ತೊಂದರೆಗೆ ಹೆದರಿದ್ದೆವೋ ಅದೇ ಹತ್ತಿರವಾಗುತ್ತದೆ. ಪ್ರೋಟೀನ್ ಇಳಿಸಬೇಕಾದ ನಾಯಿಗಳೂ ಇವೆ. ನಮ್ಮ ನಾಯಿ ಅವುಗಳಲ್ಲಿ ಒಂದೋ ಅಲ್ಲವೋ ಎಂದು ತಿಳಿಯಲು ಮೊದಲು ಪರೀಕ್ಷೆ ಆಗಬೇಕು.

ಕಾಯದೆ ಹೊರಡಬೇಕಾದ ಲಕ್ಷಣಗಳು

ಯಕೃತ್ತಿನ ಕಾಯಿಲೆ ಆರಂಭದಲ್ಲಿ ತನ್ನದೇ ಎನ್ನುವ ಗುರುತು ತೋರಿಸುವುದು ಕಡಿಮೆ. ಊಟ ಸೇರದಿರುವುದು, ಆಗಾಗ ವಾಂತಿ, ಬೇಧಿ, ಮಂಕುತನ, ತೂಕ ಇಳಿಯುವುದು, ನೀರು ಹೆಚ್ಚು ಕುಡಿದು ಹೆಚ್ಚು ಮೂತ್ರ ಮಾಡುವುದು: ಇವು ಹತ್ತಾರು ಕಾಯಿಲೆಗಳಲ್ಲಿ ಕಾಣುತ್ತವೆ. ಯಕೃತ್ತಿನ ಮೀಸಲು ಶಕ್ತಿ ದೊಡ್ಡದು. ಅದರ ಹೆಚ್ಚಿನ ಭಾಗ ಕೆಲಸ ನಿಲ್ಲಿಸುವವರೆಗೂ ನಾಯಿ ಹೊರನೋಟಕ್ಕೆ ಚೆನ್ನಾಗಿಯೇ ಇರಬಹುದು. ಹಾಗಾಗಿ ಇಂಥ ಸಣ್ಣ ಲಕ್ಷಣಗಳು ಒಂದೆರಡು ದಿನದಲ್ಲಿ ಹೋಗದಿದ್ದರೆ ರಕ್ತ ಪರೀಕ್ಷೆ ಮಾಡಿಸಿ.

ಕೆಲವು ಲಕ್ಷಣಗಳಿಗೆ ಮಾತ್ರ ಮರುದಿನದವರೆಗೂ ಕಾಯಬಾರದು. ಕಣ್ಣಿನ ಬಿಳಿಭಾಗ, ಒಸಡು ಅಥವಾ ಕಿವಿಯ ಒಳಚರ್ಮ ಹಳದಿಯಾಗಿರುವುದು. ಹೊಟ್ಟೆ ಊದಿ ನೀರು ತುಂಬಿದಂತೆ ಕಾಣುವುದು. ಟಾರಿನಂಥ ಕಪ್ಪು ಮಲ, ರಕ್ತ ವಾಂತಿ, ಕಾರಣವಿಲ್ಲದೆ ಚರ್ಮದಲ್ಲಿ ರಕ್ತ ಹೆಪ್ಪುಗಟ್ಟಿದ ಕಲೆ. ಗೋಡೆಗೆ ತಲೆ ಒತ್ತಿ ನಿಲ್ಲುವುದು, ಒಂದೇ ಕಡೆ ಸುತ್ತು ಹಾಕುವುದು, ಕರೆದರೂ ಗುರುತಿಲ್ಲದಂತೆ ನೋಡುವುದು, ಫಿಟ್ಸ್. ಕೊನೆಯ ಗುಂಪಿನವು ಮೆದುಳಿನವರೆಗೆ ವಿಷ ಮುಟ್ಟಿರುವುದರ ಸೂಚನೆ. ಇದನ್ನು ವೈದ್ಯರು ಹೆಪಾಟಿಕ್ ಎನ್ಸೆಫಲೋಪತಿ ಎನ್ನುತ್ತಾರೆ. ಊಟದ ವಿಷಯಕ್ಕೆ ಬಂದಾಗ ಈ ಹೆಸರು ಮತ್ತೆ ಬರುತ್ತದೆ.

ಕಾಮಾಲೆ ಇದೆಯೇ ಎಂದು ಹಗಲು ಬೆಳಕಿನಲ್ಲಿ ನೋಡಿ. ಹಳದಿ ಬಲ್ಬಿನ ಕೆಳಗೆ ಎಲ್ಲ ಒಸಡೂ ಹಳದಿಯೇ. ಒಸಡು ಕಪ್ಪಗಿರುವ ನಾಯಿಗಳಲ್ಲಿ ಕಣ್ಣಿನ ಬಿಳಿಯನ್ನೂ ಕೂದಲು ಕಡಿಮೆ ಇರುವ ಕೆಳಹೊಟ್ಟೆಯ ಚರ್ಮವನ್ನೂ ನೋಡಬೇಕು.

ನಾಯಿ ವಿಷವಸ್ತು ತಿಂದದ್ದು ಗೊತ್ತಿದ್ದರೆ ಲಕ್ಷಣ ಬರಲಿ ಎಂದು ಕಾಯಲೇಬೇಡಿ. ಸಕ್ಕರೆರಹಿತ ಚೂಯಿಂಗ್ ಗಮ್ ಮತ್ತು ಸಿಹಿತಿಂಡಿಗಳಲ್ಲಿರುವ ಕ್ಸೈಲಿಟಾಲ್, ಜ್ವರದ ಪ್ಯಾರಾಸಿಟಮಾಲ್ ಮಾತ್ರೆ, ಸೈಕಾಸ್ ಎಂಬ ಅಲಂಕಾರ ಗಿಡ (ಬೀಜ ಎಲ್ಲಕ್ಕಿಂತ ಅಪಾಯ), ಕಾಡು ಅಣಬೆ, ಬೂಸಲು ಹಿಡಿದ ಜೋಳ, ಶೇಂಗಾ ಅಥವಾ ಒಣ ಆಹಾರ, ಹಸಿರು ಪಾಚಿ ಕಟ್ಟಿದ ನೀರು ಇವೆಲ್ಲ ಯಕೃತ್ತನ್ನು ಕೊಲ್ಲಬಲ್ಲವು. ತಿಂದ ದಿನ ಚೆನ್ನಾಗಿದ್ದು ಒಂದೆರಡು ದಿನ ಬಿಟ್ಟು ಕುಸಿಯುವುದು ಇಂಥ ವಿಷಗಳಲ್ಲಿ ಸಾಮಾನ್ಯ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಅದರಿಂದಲೇ ಸತ್ತ ನಾಯಿಗಳಿವೆ.

ವೈದ್ಯರ ಬಳಿ ಹೋಗುವ ಮೊದಲು ಬರೆದಿಟ್ಟುಕೊಳ್ಳಬೇಕಾದದ್ದು

ರೋಗ ಪತ್ತೆಯ ಅರ್ಧ ಕೆಲಸ ಇಲ್ಲೇ ಆಗುತ್ತದೆ. ಕಳೆದ ಕೆಲವು ತಿಂಗಳಲ್ಲಿ ಕೊಟ್ಟ ಪ್ರತಿ ಔಷಧಿಯ ಹೆಸರು, ಪ್ರಮಾಣ ಬರೆಯಿರಿ. ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟಾಲ್, ಕೀಲುನೋವಿನ ಕಾರ್ಪ್ರೊಫೆನ್, ಸ್ಟೀರಾಯ್ಡ್, ಶಿಲೀಂಧ್ರ ಸೋಂಕಿನ ಕೀಟೊಕೊನಜೋಲ್, ಸಲ್ಫಾ ಮಾತ್ರೆಗಳು ಯಕೃತ್ತಿನ ಅಂಕಿಗಳನ್ನು ಏರಿಸುವ ಪರಿಚಿತ ಹೆಸರುಗಳು. ಗಿಡಮೂಲಿಕೆಯ ಪುಡಿ, ಟಾನಿಕ್ಕುಗಳನ್ನೂ ಸೇರಿಸಿ. "ಅದೇನು ಔಷಧಿಯಲ್ಲವಲ್ಲ" ಎಂದು ಬಿಡಬೇಡಿ. ಆದರೆ ಅನುಮಾನ ಬಂತೆಂದು ಫಿನೋಬಾರ್ಬಿಟಾಲ್ ಅಥವಾ ಸ್ಟೀರಾಯ್ಡನ್ನು ನೀವೇ ದಿಢೀರ್ ನಿಲ್ಲಿಸುವುದು ಅಪಾಯ. ಮೊದಲನೆಯದನ್ನು ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬರಬಹುದು.

ಲಸಿಕೆಯ ಪುಸ್ತಕ ಜೊತೆಗಿರಲಿ. ನಾಯಿಯ ಸಾಂಕ್ರಾಮಿಕ ಯಕೃತ್ತಿನ ಉರಿಯೂತಕ್ಕೆ, ಅಂದರೆ ಹೆಪಟೈಟಿಸ್‌ಗೆ ಅಡಿನೋವೈರಸ್ 1 ಕಾರಣ. ಲಸಿಕೆ ಅದನ್ನು ಚೆನ್ನಾಗಿ ತಡೆಯುತ್ತದೆ. ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರ, ಯಕೃತ್ತು ಮತ್ತು ಮೂತ್ರಪಿಂಡ ಎರಡಕ್ಕೂ ಹೊಡೆತ ಕೊಡುತ್ತದೆ ಮತ್ತು ನಾಯಿಯ ಮೂತ್ರದಿಂದ ಮನುಷ್ಯರಿಗೂ ಹರಡುತ್ತದೆ. ನಿಂತ ನೀರು, ಇಲಿಗಳ ಓಡಾಟವಿರುವ ಜಾಗದ ನಾಯಿಗೆ ಜ್ವರದ ಜೊತೆ ಕಾಮಾಲೆ ಬಂದರೆ, ಇಲಿಜ್ವರ ಅಲ್ಲವೆಂದು ಖಚಿತವಾಗುವವರೆಗೆ ಕೈಗವಸು ಹಾಕಿಯೇ ಮೂತ್ರ ಒರೆಸಿ, ಮಕ್ಕಳನ್ನು ದೂರ ಇಡಿ. ಮೈಮೇಲೆ ಉಣ್ಣಿ ಸಿಕ್ಕಿದ್ದರೆ ಅದನ್ನೂ ಹೇಳಿ.

ಆಹಾರದ ಚೀಲದ ಮೇಲಿನ ಬ್ಯಾಚ್ ಸಂಖ್ಯೆಯ ಫೋಟೊ ತೆಗೆಯಿರಿ. ವಿಚಿತ್ರ ನಡವಳಿಕೆ ಕಂಡಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ, ಊಟವಾಗಿ ಎಷ್ಟು ಹೊತ್ತಿಗೆ ಬಂತು ಎಂಬುದನ್ನೂ ಗುರುತು ಹಾಕಿ. ಕ್ಲಿನಿಕ್ಕಿಗೆ ಹೋದಾಗ ನಾಯಿ ಸರಿಯಾಗಿಯೇ ಇರುವುದು ಹೆಚ್ಚು. ಆಗ ವಿಡಿಯೊ ಮಾತಾಡುತ್ತದೆ.

ವರದಿಯನ್ನು ಓದುವುದು ಹೇಗೆ

ಲಿವರ್ ಪರೀಕ್ಷೆ ಎಂದು ಒಟ್ಟಿಗೆ ಬರುವ ಅಂಕಿಗಳಲ್ಲಿ ಎರಡು ಬಗೆ. ಒಂದು ಯಕೃತ್ತಿಗೆ ಪೆಟ್ಟಾಗಿದೆ ಎಂದು ಹೇಳುತ್ತದೆ, ಇನ್ನೊಂದು ಅದು ಕೆಲಸ ಮಾಡುತ್ತಿದೆಯೇ ಎಂದು. ಇವೆರಡನ್ನು ಬೆರೆಸಿಕೊಂಡರೆ ಅನಗತ್ಯ ಗಾಬರಿ ಅಥವಾ ಸುಳ್ಳು ನೆಮ್ಮದಿ ಖಚಿತ.

ಎಎಲ್‌ಟಿ ಯಕೃತ್ತಿನ ಜೀವಕೋಶದೊಳಗಿನ ಕಿಣ್ವ. ಕೋಶ ಗಾಯಗೊಂಡಾಗ ರಕ್ತಕ್ಕೆ ಸೋರುತ್ತದೆ. ನಾಯಿಯ ರಕ್ತದಲ್ಲಿ ಅದರ ಅರ್ಧಾಯು ಸುಮಾರು ಎರಡೂವರೆ ದಿನ. ಆದ್ದರಿಂದ ಪೆಟ್ಟು ನಿಂತರೆ ಅಂಕಿ ಕೆಲವೇ ದಿನಗಳಲ್ಲಿ ಇಳಿಮುಖವಾಗಬೇಕು. ಇಳಿಯದೆ ವಾರಗಟ್ಟಲೆ ಹಾಗೇ ನಿಂತರೆ ಪೆಟ್ಟು ಇನ್ನೂ ನಡೆಯುತ್ತಿದೆ. ಎಷ್ಟು ಯಕೃತ್ತು ಉಳಿದಿದೆ ಎಂಬುದನ್ನು ಎಎಲ್‌ಟಿ ಹೇಳುವುದಿಲ್ಲ. ಸಿರೋಸಿಸ್ ಆಗಿ ಗಟ್ಟಿಕಟ್ಟಿದ ಯಕೃತ್ತಿನಲ್ಲಿ ಸೋರಲು ಕೋಶಗಳೇ ಉಳಿದಿರುವುದಿಲ್ಲ, ವರದಿ ಬಹುತೇಕ ಸಹಜವಾಗಿ ಬರಬಹುದು.

ಎಎಲ್‌ಪಿ ಇನ್ನೊಂದು ಕಿಣ್ವ, ಪಿತ್ತದ ಹರಿವಿಗೆ ತಡೆಯಾದಾಗ ಏರುತ್ತದೆ. ನಾಯಿಗಳಲ್ಲಿ ಇದನ್ನು ಓದುವಾಗ ವಿಶೇಷ ಎಚ್ಚರ ಬೇಕು, ಏಕೆಂದರೆ ಸ್ಟೀರಾಯ್ಡ್ ಪ್ರಭಾವಕ್ಕೆ ಏರುವ ಬೇರೆಯೇ ಒಂದು ಬಗೆಯ ಎಎಲ್‌ಪಿ ನಾಯಿಗಳಲ್ಲಿದೆ. ಎಎಲ್‌ಪಿ ಒಂದೇ ತುಂಬಾ ಹೆಚ್ಚಿದ್ದು, ನಾಯಿ ಲವಲವಿಕೆಯಿಂದ ಹೊಟ್ಟೆಬಾಕನಂತೆ ತಿನ್ನುತ್ತ, ನೀರು ಹೆಚ್ಚು ಕುಡಿಯುತ್ತ, ಹೊಟ್ಟೆ ಜೋತುಬಿದ್ದಿದ್ದರೆ, ದೇಹದಲ್ಲಿ ಸ್ಟೀರಾಯ್ಡ್ ಹಾರ್ಮೋನು ಅತಿಯಾಗುವ ಕುಶಿಂಗ್ಸ್ ಕಾಯಿಲೆ ಇದೆಯೇ ಎಂದು ವೈದ್ಯರನ್ನು ಕೇಳಿ. ಬೆಳೆಯುವ ಮರಿಗಳಲ್ಲಿ ಮೂಳೆಯ ಎಎಲ್‌ಪಿಯಿಂದ ಅಂಕಿ ಸಹಜವಾಗಿಯೇ ಮೇಲಿರುತ್ತದೆ. ಎಎಸ್‌ಟಿ ಎಂಬ ಕಿಣ್ವ ಸ್ನಾಯುವಿನಿಂದಲೂ ಬರುವುದರಿಂದ ಅದೊಂದನ್ನೇ ನಂಬುವಂತಿಲ್ಲ.

ಇನ್ನು ಕೆಲಸದ ಅಂಕಿಗಳು: ಅಲ್ಬುಮಿನ್ (ರಕ್ತದಲ್ಲಿರುವ ಮುಖ್ಯ ಪ್ರೋಟೀನ್), ಯೂರಿಯಾ, ಗ್ಲೂಕೋಸ್, ಕೊಲೆಸ್ಟರಾಲ್. ಮೊದಲೆರಡನ್ನು ತಯಾರಿಸುವುದು ಯಕೃತ್ತೇ. ಉಳಿದೆರಡರ ಮಟ್ಟ ಕಾಯುವುದರಲ್ಲೂ ಅದರದೇ ದೊಡ್ಡ ಪಾತ್ರ. ಎಎಲ್‌ಟಿ ಹತ್ತುಪಟ್ಟು ಏರಿ ಈ ನಾಲ್ಕೂ ಸರಿಯಾಗಿದ್ದರೆ ಯಕೃತ್ತಿಗೆ ಪೆಟ್ಟಾಗಿದೆ, ಆದರೆ ಅದು ಕೆಲಸ ಮಾಡುತ್ತಿದೆ. ಎಎಲ್‌ಟಿ ಸ್ವಲ್ಪವೇ ಏರಿ ಈ ನಾಲ್ಕೂ ಒಟ್ಟಿಗೆ ಇಳಿದಿದ್ದರೆ ಅದೇ ಹೆಚ್ಚು ಗಂಭೀರ. ಅಲ್ಬುಮಿನ್ ಒಂದೇ ಕಡಿಮೆ ಇದ್ದರೆ ಮೂತ್ರದಲ್ಲೋ ಕರುಳಿನಲ್ಲೋ ಸೋರಿಹೋಗುತ್ತಿದೆಯೇ ಎಂದೂ ನೋಡಬೇಕಾಗುತ್ತದೆ.

ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್ ಏರಿದ ಮಾತ್ರಕ್ಕೆ ಯಕೃತ್ತನ್ನೇ ದೂರುವಂತಿಲ್ಲ. ಉಣ್ಣಿಯಿಂದ ಬರುವ ಬೆಬೀಸಿಯಾ ಸೋಂಕಿನಲ್ಲಿ, ದೇಹ ತನ್ನ ರಕ್ತಕಣವನ್ನೇ ನಾಶಮಾಡುವ ಕಾಯಿಲೆಯಲ್ಲಿ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಬರುತ್ತದೆ. ಆದ್ದರಿಂದ ಕಾಮಾಲೆಯ ನಾಯಿಯಲ್ಲಿ ಮೊದಲು ನೋಡಬೇಕಾದದ್ದು ರಕ್ತಹೀನತೆ ಇದೆಯೇ ಎಂದು. ಇಲ್ಲದಿದ್ದರೆ ತೊಂದರೆ ಯಕೃತ್ತಿನದ್ದು, ಇಲ್ಲವೇ ಪಿತ್ತನಾಳ ಕಟ್ಟಿಕೊಂಡಿದ್ದು. ನಾಳ ಪೂರ್ತಿ ಕಟ್ಟಿದರೆ ಮಲ ಸುಣ್ಣದಂತೆ ಬೆಳ್ಳಗಾಗುತ್ತದೆ.

ಆರೋಗ್ಯವಾಗಿಯೇ ಇರುವ ನಾಯಿಯಲ್ಲಿ ಎಎಲ್‌ಟಿ ಸ್ವಲ್ಪ ಏರಿದ್ದರೆ ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷಿಸುವುದು ಸರಿಯಾದ ದಾರಿ. ಕೊಳೆತ ಹಲ್ಲು, ಮೇದೋಜೀರಕದ ಉರಿಯೂತ, ಕರುಳಿನ ಕಾಯಿಲೆ ಇವೂ ಯಕೃತ್ತನ್ನು ಕೆಣಕುತ್ತವೆ. ಮೂಲವನ್ನು ಗುಣಪಡಿಸಿದರೆ ಅಂಕಿ ತಾನಾಗಿ ಇಳಿಯುತ್ತದೆ. ಎರಡು ತಿಂಗಳು ಮೀರಿಯೂ ಏರಿಯೇ ಇದ್ದರೆ ಮಾತ್ರ ಇನ್ನು ಕಾಯುವುದು ಬೇಡ. ದೀರ್ಘಕಾಲದ ಹೆಪಟೈಟಿಸ್ ಸದ್ದಿಲ್ಲದೆ ಬೆಳೆಯುವುದು ಹೀಗೆಯೇ.

ಮುಂದಿನ ಪರೀಕ್ಷೆಗಳು

ರಕ್ತದಲ್ಲಿರುವ ಪಿತ್ತಾಮ್ಲ ಅಳೆಯುವ ಬೈಲ್ ಆಸಿಡ್ ಪರೀಕ್ಷೆಗೆ ಸುಮಾರು 12 ಗಂಟೆ ಉಪವಾಸದ ನಂತರ ಒಮ್ಮೆ, ಸ್ವಲ್ಪ ಊಟ ಕೊಟ್ಟು ಎರಡು ಗಂಟೆಗೆ ಇನ್ನೊಮ್ಮೆ ರಕ್ತ ತೆಗೆಯುತ್ತಾರೆ. ಕರುಳಿನಿಂದ ಬಂದ ರಕ್ತ ಯಕೃತ್ತಿಗೆ ಹೋಗದೆ ಪಕ್ಕದ ನಾಳದಲ್ಲಿ ಹರಿದುಹೋಗುವ ಹುಟ್ಟುದೋಷವನ್ನು, ಅಂದರೆ ಪೋರ್ಟೊಸಿಸ್ಟಮಿಕ್ ಶಂಟನ್ನು, ಹಿಡಿಯಲು ಇದು ಬಹಳ ಉಪಯುಕ್ತ. ಯಾರ್ಕ್‌ಷೈರ್ ಟೆರಿಯರ್, ಮಾಲ್ಟೀಸ್‌ನಂಥ ತಳಿಯ ಮರಿ ಒಡಹುಟ್ಟಿದವುಗಳಿಗಿಂತ ಕುಳ್ಳಾಗಿ ಉಳಿದು, ಊಟದ ನಂತರ ಮಂಕಾಗುತ್ತಿದ್ದರೆ ಈ ಪರೀಕ್ಷೆ ಕೇಳಿ. ಆದರೆ ತೀರಾ ಚಿಕ್ಕ ಮರಿಯನ್ನು ವೈದ್ಯರನ್ನು ಕೇಳದೆ 12 ಗಂಟೆ ಉಪವಾಸ ಇಡಬೇಡಿ. ಸಕ್ಕರೆ ಅಂಶ ಕುಸಿಯಬಹುದು. ಈಗಾಗಲೇ ಯಕೃತ್ತಿನಿಂದಲೇ ಕಾಮಾಲೆ ಬಂದಿರುವ ನಾಯಿಗೆ ಈ ಪರೀಕ್ಷೆಯಿಂದ ಹೊಸದಾಗಿ ತಿಳಿಯುವುದೇನಿಲ್ಲ, ಆ ಖರ್ಚನ್ನು ಸ್ಕ್ಯಾನಿಂಗ್‌ಗೆ ಇಡಿ.

ಅಲ್ಟ್ರಾಸೌಂಡ್ ಗಡ್ಡೆ, ಪಿತ್ತಕೋಶದ ತೊಂದರೆ, ಹೊಟ್ಟೆಯ ನೀರು, ಶಂಟ್ ಇವನ್ನು ತೋರಿಸುತ್ತದೆ. ಯಕೃತ್ತು ನೋಡಲು ಸಹಜವಾಗಿದೆ ಎಂದ ಮಾತ್ರಕ್ಕೆ ಹೆಪಟೈಟಿಸ್ ಇಲ್ಲ ಎಂದಲ್ಲ. ಅದನ್ನು ಖಚಿತಪಡಿಸಬಲ್ಲದ್ದು ಬಯಾಪ್ಸಿ, ಅಂದರೆ ಯಕೃತ್ತಿನ ತುಣುಕು ತೆಗೆದು ಮಾಡುವ ಪರೀಕ್ಷೆ, ಮಾತ್ರ. ಸಣ್ಣ ಸೂಜಿಯಲ್ಲಿ ತೆಗೆದ ಕೋಶಗಳು ಸಾಲುವುದಿಲ್ಲ. ಬಯಾಪ್ಸಿಗೆ ಮುಂಚೆ ರಕ್ತ ಹೆಪ್ಪುಗಟ್ಟುವ ಸಮಯ ಪರೀಕ್ಷಿಸಿರಬೇಕು. ಇನ್ನೊಂದನ್ನು ಮೊದಲೇ ಹೇಳಿಡಿ: ತುಣುಕಿನಲ್ಲಿ ತಾಮ್ರದ ಪ್ರಮಾಣವನ್ನೂ ಅಳೆಸಬೇಕು. ಒಣತೂಕದ ಪ್ರತಿ ಗ್ರಾಂಗೆ 400 ಮೈಕ್ರೊಗ್ರಾಂ ಒಳಗಿದ್ದರೆ ಸಹಜ. 1000 ದಾಟಿದರೆ ತಾಮ್ರವೇ ಯಕೃತ್ತನ್ನು ಸುಡುತ್ತಿರುವ ಸಾಧ್ಯತೆ ಹೆಚ್ಚು. ಬೆಡ್ಲಿಂಗ್ಟನ್ ಟೆರಿಯರ್, ಲ್ಯಾಬ್ರಡಾರ್, ಡಾಬರ್‌ಮನ್, ಡಾಲ್ಮೇಷಿಯನ್ ತಳಿಗಳಲ್ಲಿ ಇದು ಹೆಚ್ಚು, ಬೇರೆ ತಳಿಗೂ ಬರಬಹುದು. ಊಟದ ಕ್ರಮವನ್ನೇ ಬದಲಿಸುವ ಅಂಕಿ ಇದು.

ಊಟ: ಮೊದಲು ಹೊಟ್ಟೆ ತುಂಬಲಿ

ಪಥ್ಯದ ಮೊದಲ ಗುರಿ ಸಾಕಷ್ಟು ಕ್ಯಾಲೊರಿ. ನಾಯಿಯ ತೂಕವನ್ನು ಕೆ.ಜಿ.ಯಲ್ಲಿ 30ರಿಂದ ಗುಣಿಸಿ 70 ಕೂಡಿಸಿ. 10 ಕೆ.ಜಿ. ನಾಯಿಗೆ 370, 20 ಕೆ.ಜಿ.ಗೆ 670 ಕಿಲೊಕ್ಯಾಲೊರಿ ಬರುತ್ತದೆ. ಕಾಯಿಲೆ ಬಿದ್ದ ನಾಯಿಗೆ ದಿನಕ್ಕೆ ಕನಿಷ್ಠ ಇಷ್ಟಾದರೂ ಹೋಗಬೇಕು. ಈ ಲೆಕ್ಕ ಎರಡರಿಂದ 45 ಕೆ.ಜಿ.ವರೆಗಿನ ನಾಯಿಗೆ ಹೊಂದುತ್ತದೆ. ಚೇತರಿಸಿಕೊಂಡು ಓಡಾಡುವಾಗ ಇನ್ನೂ ಹೆಚ್ಚು ಬೇಕು. ತೂಕ ನೋಡಿಕೊಂಡು ಏರಿಸಿ.

ಇದನ್ನು ನಾಲ್ಕರಿಂದ ಆರು ಸಣ್ಣ ಊಟಗಳಾಗಿ ಹಂಚಿ. ಸೋತ ಯಕೃತ್ತು ಸಕ್ಕರೆಯನ್ನು ಹೆಚ್ಚು ಹೊತ್ತು ಕೂಡಿಟ್ಟುಕೊಳ್ಳಲಾರದು, ಒಂದೇ ಸಲ ಬಂದ ಪ್ರೋಟೀನನ್ನೂ ನಿಭಾಯಿಸಲಾರದು. ಕೊನೆಯ ತುತ್ತು ಮಲಗುವ ಮುಂಚೆ ಸಿಗಲಿ, ಏಕೆಂದರೆ ರಾತ್ರಿಯ ದೀರ್ಘ ಉಪವಾಸದಲ್ಲೇ ಸ್ನಾಯು ಕರಗುವುದು.

ಈಗ ಪ್ರೋಟೀನ್. ತಲೆ ಒತ್ತುವುದು, ಸುತ್ತು ಹಾಕುವುದು ಇಂಥ ಲಕ್ಷಣಗಳಿಲ್ಲದಿದ್ದರೆ, ಅಮೋನಿಯಾ ಏರಿಲ್ಲದಿದ್ದರೆ ಪ್ರೋಟೀನ್ ಇಳಿಸಬೇಡಿ. ಈಗ ತಿನ್ನುತ್ತಿರುವ ಒಳ್ಳೆಯ ಸಮತೋಲಿತ ಆಹಾರವೇ ಮುಂದುವರಿಯಲಿ. ಲಿವರ್‌ಗೆಂದೇ ಮಾರುವ ವಿಶೇಷ ಆಹಾರವನ್ನೂ ಎಲ್ಲ ನಾಯಿಗೂ ತರಬೇಕಿಲ್ಲ. ಅವುಗಳಲ್ಲಿ ತಾಮ್ರ ಕಡಿಮೆ ಇರುವುದು ತಾಮ್ರದ ನಾಯಿಗೆ ವರ, ಆದರೆ ಪ್ರೋಟೀನ್ ಕೂಡ ಸಾಮಾನ್ಯವಾಗಿ ಕಡಿಮೆ. ಸ್ನಾಯು ಕರಗುತ್ತಿರುವ ನಾಯಿಗೆ ಅದರ ಮೇಲೆ ಮೊಟ್ಟೆಯೋ ಪನೀರೋ ಸೇರಿಸಬೇಕಾಗಬಹುದು. ಚೀಲದ ಮೇಲಿನ ಶೇಕಡಾವಾರು ನೋಡಿ ಹೋಲಿಸಬೇಡಿ, 1000 ಕಿಲೊಕ್ಯಾಲೊರಿಗೆ ಎಷ್ಟು ಗ್ರಾಂ ಪ್ರೋಟೀನ್ ಎಂದು ಲೆಕ್ಕ ಹಾಕಿ. ಶೇ 24 ಪ್ರೋಟೀನ್, ಕೆ.ಜಿ.ಗೆ 3600 ಕಿಲೊಕ್ಯಾಲೊರಿ ಇರುವ ಆಹಾರದಲ್ಲಿ 240 ಗ್ರಾಂ ಅನ್ನು 3.6ರಿಂದ ಭಾಗಿಸಿದರೆ ಸುಮಾರು 67 ಗ್ರಾಂ. ಲಿವರ್ ಆಹಾರಗಳು ಹೆಚ್ಚಾಗಿ 40ರಿಂದ 50ರ ಆಸುಪಾಸು.

ಎನ್ಸೆಫಲೋಪತಿ ಇದ್ದರೆ ಮಾತು ಬೇರೆ. ಆಗಲೂ ಪ್ರೋಟೀನ್ ನಿಲ್ಲಿಸುವುದಲ್ಲ, ಅದರ ಮೂಲ ಬದಲಿಸುವುದು. ಕೆಂಪು ಮಾಂಸ, ಲಿವರ್, ಕಿಡ್ನಿಯಂಥ ಅಂಗಾಂಗ ಮಾಂಸ ಅಮೋನಿಯಾವನ್ನು ಹೆಚ್ಚಿಸುತ್ತವೆ. ಮೊಟ್ಟೆ, ಹಾಲಿನ ಪ್ರೋಟೀನ್, ಸೋಯಾ ಅಷ್ಟು ತೊಂದರೆ ಕೊಡುವುದಿಲ್ಲ. ಕೆ.ಜಿ. ದೇಹತೂಕಕ್ಕೆ ದಿನಕ್ಕೆ ಸುಮಾರು 2 ಗ್ರಾಂಗಿಂತ ತುಸು ಹೆಚ್ಚಿನ ಪ್ರಮಾಣದಿಂದ ಶುರುಮಾಡುವುದು ವಾಡಿಕೆ. ಜೊತೆಗೆ ಲ್ಯಾಕ್ಟುಲೋಸ್ ಸಿರಪ್ ಕೊಡುತ್ತಾರೆ. ಅದು ದೊಡ್ಡ ಕರುಳನ್ನು ಆಮ್ಲೀಯವಾಗಿಸಿ ಅಮೋನಿಯಾ ರಕ್ತಕ್ಕೆ ಸೇರದಂತೆ ಹಿಡಿದಿಡುತ್ತದೆ. ದಿನಕ್ಕೆ ಎರಡು ಮೂರು ಬಾರಿ ಮೆತ್ತಗಿನ ಮಲ ಬಂದರೆ ಪ್ರಮಾಣ ಸರಿಯಾಗಿದೆ. ನೀರಿನಂತೆ ಬೇಧಿಯಾದರೆ ಹೆಚ್ಚಾಗಿದೆ, ವೈದ್ಯರಿಗೆ ಹೇಳಿ. ಮಲಬದ್ಧತೆ, ನೀರಿನಂಶ ಕಡಿಮೆಯಾಗುವುದು, ಕರುಳಿನೊಳಗಿನ ರಕ್ತಸ್ರಾವ ಇವೂ ಎನ್ಸೆಫಲೋಪತಿಯನ್ನು ಕೆರಳಿಸುತ್ತವೆ. ತಟ್ಟೆಯನ್ನಷ್ಟೇ ನೋಡುತ್ತ ಕೂತರೆ ಇವು ಕಣ್ತಪ್ಪುತ್ತವೆ.

ವರದಿ ಬರುವವರೆಗೆ ಕೆಲವು ದಿನಗಳ ಮಟ್ಟಿಗೆ ಮನೆಯಲ್ಲೇ ಬೇಯಿಸಿ ಕೊಡಬೇಕಾದರೆ 10 ಕೆ.ಜಿ. ನಾಯಿಗೆ ಒಂದು ಲೆಕ್ಕ: 200 ಗ್ರಾಂ ಚೆನ್ನಾಗಿ ಬೆಂದ ಬಿಳಿ ಅನ್ನ, ಮೂರು ಬೇಯಿಸಿದ ಮೊಟ್ಟೆ. ಸುಮಾರು 470 ಕಿಲೊಕ್ಯಾಲೊರಿ, 23 ಗ್ರಾಂ ಪ್ರೋಟೀನ್ ಸಿಗುತ್ತದೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಬೇಡ. ಇದರಲ್ಲಿ ಕ್ಯಾಲ್ಸಿಯಂ, ಸತು, ಹಲವು ವಿಟಮಿನ್‌ಗಳು ಸಾಲವು, ಹಾಗಾಗಿ ತಿಂಗಳುಗಟ್ಟಲೆ ನಡೆಸುವ ಊಟವಲ್ಲ. ಮನೆ ಅಡುಗೆಯೇ ಬೇಕೆಂದರೆ ಪ್ರಾಣಿ ಪೋಷಣೆಯಲ್ಲಿ ಪರಿಣತಿ ಇರುವ ಪಶುವೈದ್ಯರಿಂದ ಪಟ್ಟಿ ಬರೆಸಿಕೊಳ್ಳಿ.

ಕೊಬ್ಬನ್ನು ಅನೇಕರು ಮೊದಲು ತೆಗೆಯುತ್ತಾರೆ. ಹೆಚ್ಚಿನ ಯಕೃತ್ತಿನ ರೋಗಿಗಳಿಗೆ ಕೊಬ್ಬು ಜೀರ್ಣವಾಗುತ್ತದೆ, ರುಚಿಯನ್ನೂ ಕ್ಯಾಲೊರಿಯನ್ನೂ ಕೊಡುತ್ತದೆ. ಪಿತ್ತನಾಳ ಕಟ್ಟಿದ್ದರೆ, ಮೇದೋಜೀರಕದ ಉರಿಯೂತ ಇದ್ದರೆ, ರಕ್ತದಲ್ಲಿ ಕೊಬ್ಬು ಏರಿದ್ದರೆ ಮಾತ್ರ ಕಡಿಮೆ ಮಾಡಿ. ಹೊಟ್ಟೆಯಲ್ಲಿ ನೀರು ತುಂಬಿದ ನಾಯಿಗೆ ಉಪ್ಪು ನಿಲ್ಲಬೇಕು; ಚೀಸ್, ಬ್ರೆಡ್, ಉಪ್ಪಿನ ಬಿಸ್ಕತ್ತು ಎಲ್ಲ ಅದರಲ್ಲೇ ಬಂದವು.

ತಾಮ್ರ ಸೇರಿಕೊಂಡಿರುವ ನಾಯಿಗೆ ಪ್ರಾಣಿಗಳ ಲಿವರ್ ಮತ್ತು ಇತರ ಅಂಗಾಂಗ, ಸಿಗಡಿ ಏಡಿಯಂಥ ಚಿಪ್ಪುಜೀವಿಗಳು, ಬೀಜಗಳು, ಅಣಬೆ ಬೇಡ. "ಲಿವರ್‌ಗೆ ಲಿವರ್ ಒಳ್ಳೆಯದು" ಎಂಬ ಮಾತನ್ನು ನಂಬಿ ಲಿವರ್ ತುಣುಕು ಕೊಡುವುದು ಇಂಥ ನಾಯಿಗೆ ನೇರ ಕೆಡುಕು. ತಾಮ್ರವಿರುವ ಖನಿಜ ಪುಡಿಗಳು ನಿಲ್ಲಲಿ, ತಾಮ್ರದ ಪಾತ್ರೆಯಲ್ಲಿ ನೀರಿಡಬೇಡಿ. ತಾಮ್ರವನ್ನು ದೇಹದಿಂದ ಹೊರಹಾಕುವ ಪೆನಿಸಿಲಮೈನ್ ಕೊಡುತ್ತಿದ್ದರೆ ಅದು ಖಾಲಿ ಹೊಟ್ಟೆಗೆ. ಸತುವಿನ ಮಾತ್ರೆಯನ್ನು ಅದರ ಜೊತೆ ಸೇರಿಸಬಾರದು, ಒಂದು ಇನ್ನೊಂದರ ಕೆಲಸ ಕೆಡಿಸುತ್ತದೆ. ಹಸಿ ಮಾಂಸ ಮಾತ್ರ ಯಾವ ಬಗೆಯ ಲಿವರ್ ರೋಗಿಗೂ ಬೇಡ: ಕರುಳಿನಿಂದ ಬರುವ ಬ್ಯಾಕ್ಟೀರಿಯಾವನ್ನು ಸೋಸುವ ಅಂಗವೇ ಇಲ್ಲಿ ಸೋತಿದೆ.

ನಾಯಿ ತಿನ್ನದೇ ಹೋದರೆ

ಬಾಯಿ ತೆರೆದು ತುರುಕಬೇಡಿ. ಓಕರಿಕೆ ಇರುವಾಗ ಬಲವಂತ ಮಾಡಿದ ಆಹಾರವನ್ನು ನಾಯಿ ಮುಂದೆಂದೂ ಮೂಸದಿರಬಹುದು. ಇದೇ ಕಾರಣಕ್ಕೆ ದೀರ್ಘಕಾಲ ಕೊಡಬೇಕಾದ ವಿಶೇಷ ಆಹಾರವನ್ನು ವಾಂತಿಯ ದಿನಗಳಲ್ಲಿ ಪರಿಚಯಿಸಬೇಡಿ; ಓಕರಿಕೆ ನಿಂತ ಮೇಲೆ ಏಳರಿಂದ ಹತ್ತು ದಿನಗಳಲ್ಲಿ ನಿಧಾನವಾಗಿ ಬೆರೆಸಿ. ತುಟಿ ನೆಕ್ಕುವುದು, ಜೊಲ್ಲು, ತಟ್ಟೆಯವರೆಗೆ ಬಂದು ಮುಖ ತಿರುಗಿಸುವುದು ಓಕರಿಕೆಯ ಗುರುತು. ಅದಕ್ಕೆ ಒಳ್ಳೆಯ ಔಷಧಿಗಳಿವೆ, ಕೇಳಿ ಪಡೆಯಿರಿ. ಆಹಾರವನ್ನು ಉಗುರುಬೆಚ್ಚಗೆ ಮಾಡಿ, ಸ್ವಲ್ಪ ಇಟ್ಟು, ತಿನ್ನದಿದ್ದರೆ ಹದಿನೈದು ನಿಮಿಷದಲ್ಲಿ ತೆಗೆಯಿರಿ.

ಮೂರು ದಿನ ಬೇಕಾದ್ದರಲ್ಲಿ ಅರ್ಧವೂ ತಿನ್ನದ ನಾಯಿಗೆ ಮೂಗಿನ ಅಥವಾ ಕುತ್ತಿಗೆಯ ಟ್ಯೂಬ್ ಮೂಲಕ ಆಹಾರ ಕೊಡುವ ಬಗ್ಗೆ ವೈದ್ಯರೊಡನೆ ಮಾತಾಡಿ. ಟ್ಯೂಬ್ ಎಂದರೆ ಕೊನೆಯ ಘಟ್ಟ ಎಂದು ಹೆದರುವವರು ಬಹಳ; ನನ್ನ ದೃಷ್ಟಿಯಲ್ಲಿ ಅದು ಬೇಗ ಹಾಕಿದಷ್ಟೂ ಒಳ್ಳೆಯದು. ರಕ್ತ ಹೆಪ್ಪುಗಟ್ಟುವುದು ಸರಿಯಿದೆಯೇ ಎಂದು ಮೊದಲು ನೋಡುತ್ತಾರೆ. ಹಲವು ದಿನ ಉಪವಾಸವಿದ್ದ ನಾಯಿಗೆ ಮೊದಲ ದಿನ ಲೆಕ್ಕದ ಮೂರನೇ ಒಂದು ಭಾಗ, ಮರುದಿನ ಮೂರನೇ ಎರಡು, ಮೂರನೆಯ ದಿನ ಪೂರ್ತಿ.

ಪೂರಕಗಳು

ಎಸ್‌ಎಎಂಇ, ಸಿಲಿಮರಿನ್, ವಿಟಮಿನ್ ಇ ಇವು ಸಹಾಯಕ್ಕೆ ಮಾತ್ರ, ಮೂಲ ಕಾರಣಕ್ಕೆ ಔಷಧಿಯಲ್ಲ. ಎಸ್‌ಎಎಂಇ ಮಾತ್ರೆಯನ್ನು ಪುಡಿಮಾಡದೆ ಖಾಲಿ ಹೊಟ್ಟೆಗೆ ಕೊಡಬೇಕು. ಪಿತ್ತದ ಹರಿವನ್ನು ಹೆಚ್ಚಿಸುವ ಅರ್ಸೋಡಿಯಾಲ್ ಊಟದ ಜೊತೆಗೆ, ಪಿತ್ತನಾಳ ಪೂರ್ತಿ ಕಟ್ಟಿಲ್ಲ ಎಂದು ಸ್ಕ್ಯಾನಿಂಗ್‌ನಲ್ಲಿ ಕಂಡ ಮೇಲೆ. ತಾಮ್ರ ಹೆಚ್ಚಿರುವ ನಾಯಿಗೆ ವಿಟಮಿನ್ ಸಿ ಬೇಡ. ಕೈಯಲ್ಲಿರುವ ಹಣ ಸೀಮಿತವಾದರೆ ಪೂರಕಗಳಿಗಿಂತ ಬಯಾಪ್ಸಿಗೆ ಅಥವಾ ಮರುಪರೀಕ್ಷೆಗೆ ಇಡಿ ಎನ್ನುತ್ತೇನೆ.

ಮನೆಯಲ್ಲಿ ಗಮನಿಸಬೇಕಾದದ್ದು

ವಾರಕ್ಕೊಮ್ಮೆ ತೂಕ ನೋಡಿ, ಆದರೆ ತೂಕವನ್ನಷ್ಟೇ ನಂಬಬೇಡಿ: ಹೊಟ್ಟೆಯ ನೀರು ತೂಕವನ್ನು ಹಿಡಿದಿಟ್ಟು ಸ್ನಾಯು ಕರಗಿದ್ದನ್ನು ಮುಚ್ಚಿಹಾಕುತ್ತದೆ. ಬೆನ್ನುಮೂಳೆಯ ಎರಡೂ ಬದಿ, ಭುಜದ ಎಲುಬು, ತಲೆಯ ಮೇಲ್ಭಾಗವನ್ನು ಕೈಯಿಂದ ಸವರಿ. ಎಲುಬು ಮೊದಲಿಗಿಂತ ಚೂಪಾಗಿ ಸಿಗುತ್ತಿದ್ದರೆ ಪ್ರೋಟೀನ್ ಸಾಲುತ್ತಿಲ್ಲ. ಹೊಟ್ಟೆಯ ಸುತ್ತಳತೆಯನ್ನು ಒಂದೇ ಜಾಗದಲ್ಲಿ ಟೇಪಿನಿಂದ ಅಳೆಯಿರಿ. ತಿಂದದ್ದು, ವಾಂತಿ, ಮಲದ ಬಣ್ಣ, ಮಂಕಾದ ಹೊತ್ತು ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ.

ಎನ್ಸೆಫಲೋಪತಿಗೆಂದು ಪ್ರೋಟೀನ್ ಇಳಿಸಿದ ನಾಯಿ ಲ್ಯಾಕ್ಟುಲೋಸ್ ಮೇಲೆ ಲಕ್ಷಣಗಳಿಲ್ಲದೆ ಇದ್ದರೆ, ಒಂದೆರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಮೊಟ್ಟೆ ಅಥವಾ ಪನೀರಿನಿಂದ ಪ್ರೋಟೀನ್ ಏರಿಸುವ ಬಗ್ಗೆ ವೈದ್ಯರನ್ನು ಕೇಳಿ. ಏರಿಸಿದ ಮೇಲೆ ಮಂಕು ಬಂದರೆ ಹಿಂದಿನ ಮಟ್ಟಕ್ಕೆ ಬನ್ನಿ. ಪ್ರತಿ ಮರುಪರೀಕ್ಷೆಯಲ್ಲೂ ಎಎಲ್‌ಟಿ ಜೊತೆಗೆ ಅಲ್ಬುಮಿನ್ ಇರುವಂತೆ ನೋಡಿಕೊಳ್ಳಿ; ಎಎಲ್‌ಟಿ ಇಳಿಯುತ್ತ ಅಲ್ಬುಮಿನ್ ಕೂಡ ಇಳಿಯುತ್ತಿದ್ದರೆ ಅದು ಚೇತರಿಕೆಯಲ್ಲ, ಊಟ ಮತ್ತು ಔಷಧಿ ಎರಡನ್ನೂ ಮತ್ತೆ ಕೂತು ನೋಡಬೇಕು.